ಮೈ ಸಣ್ಣ, ಕೊಬ್ಬು ಜಾಸ್ತಿ

ಹತ್ತು ಹನ್ನೆರಡು ವರ್ಷದ ಕೆಲವು ಮಕ್ಕಳ ಕತ್ತಿನ ಹಿಂಭಾಗ ಕಪ್ಪಾಗಿರುತ್ತದೆ. ಅಂಗಿಯ ಕಾಲರ್ ತಾಗುವ ಕಡೆ ಚರ್ಮ ದಪ್ಪಗಾಗಿ, ಸಣ್ಣ ಸಣ್ಣ ಗೆರೆಗಳಲ್ಲಿ ಮಡಿಚಿಕೊಂಡಂತಿರುತ್ತದೆ. ಕಂಕುಳಲ್ಲೂ ಹಾಗೆಯೇ. ಸರಿಯಾಗಿ ಸ್ನಾನ ಮಾಡುವುದಿಲ್ಲ ಎಂದು ಮನೆಯಲ್ಲಿ ಬೈಗುಳ ಬೀಳುತ್ತದೆ. ಭಾನುವಾರ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಾರೆ. ಚರ್ಮ ಕೆಂಪಾಗುತ್ತದೆ, ಕಪ್ಪು ಮಾತ್ರ ಹೋಗುವುದಿಲ್ಲ. ಹೋಗುವುದು ಹೇಗೆ? ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಮಟ್ಟ ಬಹಳ ಕಾಲ ಏರಿಯೇ ಇದ್ದಾಗ ಚರ್ಮದ ಕೋಶಗಳು ಅತಿಯಾಗಿ ಬೆಳೆಯುತ್ತವೆ. ವೈದ್ಯರು ಇದನ್ನು ಅಕಾಂಥೋಸಿಸ್ ನೈಗ್ರಿಕಾನ್ಸ್ ಎನ್ನುತ್ತಾರೆ. ಅಪರೂಪಕ್ಕೆ ಬೇರೆ ಕಾರಣಗಳೂ ಇರುತ್ತವೆಯಾದರೂ, ಮಕ್ಕಳಲ್ಲಿ ಇದು ಬಹುಮಟ್ಟಿಗೆ ದೇಹ ಇನ್ಸುಲಿನ್ನಿನ ಮಾತು ಕೇಳುತ್ತಿಲ್ಲ ಎಂಬುದರ ಗುರುತು.

ಆ ಮಗುವಿನ ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಅಂಶ ಸರಿಯಾಗಿಯೇ ಇರಬಹುದು. ಅದನ್ನು ಸರಿಯಾಗಿಡಲು ಮೇದೋಜೀರಕ ಗ್ರಂಥಿ ಹಗಲೂ ರಾತ್ರಿ ಹೆಚ್ಚು ದುಡಿಯುತ್ತಿದೆ, ಅಷ್ಟೆ. ಅದಕ್ಕೆ ದಣಿವಾದ ದಿನ ಸಕ್ಕರೆ ಏರತೊಡಗುತ್ತದೆ. ಕತ್ತಿನ ಕಪ್ಪಿಗೂ ಸಕ್ಕರೆ ಕಾಯಿಲೆಗೂ ನಡುವೆ ಹಲವು ವರ್ಷಗಳ ಅಂತರ ಇರಬಹುದು. ತಡೆಗಟ್ಟಲು ನಮಗೆ ಸಿಗುವ ಅವಕಾಶ ಆ ವರ್ಷಗಳೇ.

ಎರಡು ಬೇರೆ ಕಾಯಿಲೆಗಳು

ಮುಂದುವರಿಯುವ ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಮಕ್ಕಳಿಗೆ ಬರುವ ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ. ಟೈಪ್ 1 ಬಗೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಸಿಹಿ ತಿಂದದ್ದಕ್ಕೆ, ದಪ್ಪಗಿದ್ದದ್ದಕ್ಕೆ ಅದು ಬರುವುದಿಲ್ಲ. ತಂದೆತಾಯಿಯ ತಪ್ಪೂ ಅಲ್ಲ, ಮಗುವಿನ ತಪ್ಪೂ ಅಲ್ಲ. ಚೆನ್ನಾಗಿದ್ದ ಮಗು ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಕಾಣಿಸಿಕೊಂಡರೆ, ವಿಪರೀತ ಬಾಯಾರಿಕೆಯ ಜೊತೆಗೆ ತೂಕ ಇಳಿಯುತ್ತಿದ್ದರೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಬೇಕು. ಈ ಮಕ್ಕಳಿಗೆ ಇನ್ಸುಲಿನ್ ಬೇಕೇ ಬೇಕು; ಪಥ್ಯ, ಕಷಾಯ ಅದರ ಜಾಗ ತುಂಬುವುದಿಲ್ಲ.

ಈ ಅಧ್ಯಾಯದ ವಿಷಯ ಇನ್ನೊಂದು ಬಗೆ, ಟೈಪ್ 2. ಒಂದು ಕಾಲಕ್ಕೆ ನಲವತ್ತು ದಾಟಿದವರ ಕಾಯಿಲೆ ಎನಿಸಿಕೊಂಡಿದ್ದ ಇದು ಈಗ ಹದಿಹರೆಯದವರಲ್ಲೂ ಕಾಣುತ್ತಿದೆ. ಚಿಕ್ಕ ವಯಸ್ಸಿನಲ್ಲಿ ಬಂದರೆ ಇದರ ಹೊಡೆತವೂ ಹೆಚ್ಚು. ಅಮೆರಿಕದಲ್ಲಿ ಇಂಥ ಮಕ್ಕಳನ್ನು ವರ್ಷಾನುಗಟ್ಟಲೆ ಅನುಸರಿಸಿದ 'ಟುಡೇ' ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅವರು ಸರಾಸರಿ 26 ವರ್ಷ ಮುಟ್ಟುವ ಹೊತ್ತಿಗೆ ನೂರರಲ್ಲಿ 60 ಮಂದಿಗೆ ಕಣ್ಣು, ಮೂತ್ರಪಿಂಡ ಅಥವಾ ನರಗಳಲ್ಲಿ ಒಂದಾದರೂ ತೊಡಕು ಕಾಣಿಸಿಕೊಂಡಿತ್ತು. ದುಡಿದು ಸಂಸಾರ ಕಟ್ಟಬೇಕಾದ ವಯಸ್ಸದು.

ನಮ್ಮಲ್ಲಿನ ಸ್ಥಿತಿ ಏನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಮಕ್ಕಳನ್ನೇ ನೋಡಿದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ 2016–18ರಲ್ಲಿ ನಡೆಯಿತು. ಹದಿಹರೆಯದವರಲ್ಲಿ ತೂಕ ಹೆಚ್ಚಿದ್ದವರು ನೂರಕ್ಕೆ 5 ಮಾತ್ರ. ಮಧುಮೇಹದ ಹೊಸ್ತಿಲಲ್ಲಿದ್ದವರು ನೂರಕ್ಕೆ 10. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದಪ್ಪಗಿರುವ ಮಕ್ಕಳಿಗಿಂತ ಸಕ್ಕರೆ ಏರುತ್ತಿರುವ ಮಕ್ಕಳೇ ಹೆಚ್ಚು. ಅಂದರೆ ನೋಡಲು ದಪ್ಪಗಿಲ್ಲದ ಮಕ್ಕಳೂ ಅಪಾಯದಲ್ಲಿದ್ದಾರೆ. ಯಾಕೆ?

ಪುಣೆಯ ಹಳ್ಳಿಗಳು, ಮೈಸೂರಿನ ಮಿಷನ್ ಆಸ್ಪತ್ರೆ

ಈ ಪ್ರಶ್ನೆಗೆ ಉತ್ತರದ ಒಂದು ತುದಿ ಸಿಕ್ಕಿದ್ದು ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಿಂದ ಗರ್ಭಿಣಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ಅಳೆಯುತ್ತ ಬಂದರು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ ಸುಮಾರು 3.5 ಕಿಲೋ. ಪುಣೆಯ ಹಳ್ಳಿಗಳ ಕೂಸುಗಳದ್ದು ಸುಮಾರು 2.7 ಕಿಲೋ. ಇಷ್ಟರಲ್ಲಿ ಹೊಸತೇನೂ ಇಲ್ಲ, ನಮ್ಮ ಮಕ್ಕಳು ಸಣ್ಣಗೆ ಹುಟ್ಟುತ್ತಾರೆ ಎಂಬುದು ಗೊತ್ತಿದ್ದದ್ದೇ. ಹೊಸತು ಕಂಡದ್ದು ಹೆಗಲ ಮೂಳೆಯ ಕೆಳಗೆ ಅಳೆದಾಗ. ಕೂಸಿನ ಬೆನ್ನ ಮೇಲೆ ಆ ಜಾಗದ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದು, ಕ್ಯಾಲಿಪರ್ ಎಂಬ ಇಕ್ಕಳದಂಥ ಉಪಕರಣದಿಂದ ಮಡಿಕೆಯ ದಪ್ಪವನ್ನು ಅಳೆಯುತ್ತಾರೆ. ಚರ್ಮದಡಿ ಎಷ್ಟು ಕೊಬ್ಬಿದೆ ಎಂಬುದಕ್ಕೆ ಅದು ಲೆಕ್ಕ. ತೋಳು, ಹೊಟ್ಟೆಯ ಸುತ್ತಳತೆ, ತಲೆ ಎಲ್ಲದರಲ್ಲೂ ಬಹಳ ಹಿಂದಿದ್ದ ಪುಣೆಯ ಕೂಸುಗಳು ಬೆನ್ನಿನ ಕೊಬ್ಬಿನಲ್ಲಿ ಮಾತ್ರ ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ. ಕಡಿಮೆ ಬಿದ್ದದ್ದು ಮುಖ್ಯವಾಗಿ ಸ್ನಾಯು ಮತ್ತು ಹೊಟ್ಟೆಯೊಳಗಿನ ಅಂಗಗಳು. ತೆಳ್ಳಗೆ ಕಾಣುವ, ಆದರೆ ಮೈಯ ಪಾಲಿನಲ್ಲಿ ಕೊಬ್ಬೇ ಹೆಚ್ಚಿರುವ ಕೂಸು!

ದೊಡ್ಡವರಲ್ಲೂ ಇದೇ ಚಿತ್ರ. 2004ರಲ್ಲಿ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದ್ದೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2.

ಮೈಸೂರಿಗೆ ಬರೋಣ. ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹೆರಿಗೆಯ ದಾಖಲೆಗಳನ್ನು ಜೋಪಾನ ಮಾಡಿದ್ದರು. ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವೂ ಅದರಲ್ಲಿದ್ದವು. ಇಂಗ್ಲೆಂಡಿನ ಕ್ಯಾರೋಲಿನ್ ಫಾಲ್ ಮತ್ತು ಇಲ್ಲಿನ ವೈದ್ಯರು ಆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿ ಮೈಸೂರಲ್ಲೇ ನೆಲೆಸಿದ್ದ ನಡುವಯಸ್ಸಿನವರನ್ನು ಹುಡುಕಿ ಪರೀಕ್ಷಿಸಿದರು. ಸಣ್ಣಗೆ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ಮಧುಮೇಹ ಹೆಚ್ಚಿದ್ದದ್ದು ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ತಾಯಿಗೆ ಬಸಿರಿನಲ್ಲಿ ಸಕ್ಕರೆ ಏರಿತ್ತೇ ಎಂಬ ಅನುಮಾನ ಹುಟ್ಟಿದ್ದು ಆಗಲೇ.

ಅದನ್ನು ಪರೀಕ್ಷಿಸಲು ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಮೈಸೂರು ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 6 ಮಂದಿಗೆ ಬಸಿರಿನ ಮಧುಮೇಹ ಇತ್ತು. ಡಾ. ಕೃಷ್ಣವೇಣಿ ಮತ್ತು ತಂಡ ಆ ಮಕ್ಕಳನ್ನು ಬಿಡದೆ ಅನುಸರಿಸಿತು. ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು. ಒಂಬತ್ತೂವರೆ ವಯಸ್ಸಿನ ಹೊತ್ತಿಗೆ ವ್ಯತ್ಯಾಸ ಇನ್ನೂ ದೊಡ್ಡದಾಗಿತ್ತು. ಕಾಯಿಲೆಯ ಬೇರು ಬಸಿರಿನಲ್ಲೇ ಇಳಿಯಬಲ್ಲದು ಎಂಬುದಕ್ಕೆ ಕನ್ನಡ ನೆಲದಲ್ಲೇ ಸಿಕ್ಕ ಸಾಕ್ಷಿ ಇದು.

ಸ್ನಾಯು ಕಡಿಮೆಯಾದರೆ ಏನಾಗುತ್ತದೆ?

ಅನ್ನ, ಮುದ್ದೆ, ರೊಟ್ಟಿ ಏನೇ ತಿಂದರೂ ಅದರ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಅದರ ಹೆಚ್ಚು ಪಾಲನ್ನು ತುಂಬಿಸಿಕೊಳ್ಳುವ ಕಣಜ ಸ್ನಾಯು. ಕಣಜವೇ ಸಣ್ಣದಾಗಿದ್ದರೆ, ಅಥವಾ ಅದರಲ್ಲಿದ್ದದ್ದು ಖರ್ಚಾಗದೆ ತುಂಬಿಯೇ ಇದ್ದರೆ, ಹೊಸದಾಗಿ ಬಂದ ಗ್ಲೂಕೋಸಿಗೆ ಜಾಗವಿಲ್ಲ. ಆಗ ಇನ್ನಷ್ಟು ಇನ್ಸುಲಿನ್ ಬೇಕಾಗುತ್ತದೆ. ಉಳಿದ ಗ್ಲೂಕೋಸಿನಲ್ಲಿ ಒಂದು ಪಾಲನ್ನು ಲಿವರ್ ಕೊಬ್ಬಾಗಿ ಮಾರ್ಪಡಿಸುತ್ತದೆ. ಚರ್ಮದಡಿಯ ಕೊಬ್ಬು ಅಷ್ಟಾಗಿ ಕೆಡುಕು ಮಾಡದು. ಹೊಟ್ಟೆಯೊಳಗೆ, ಲಿವರಿನಲ್ಲಿ ಸೇರುವ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ.

ಓಡಿ ಆಡುವ ಮಗುವಿನಲ್ಲಿ ಇದು ತಿರುವುಮುರುವು. ಸ್ನಾಯು ಸಂಕುಚಿಸಿದಾಗ ಅದರ ಕೋಶದೊಳಗಿರುವ ಗ್ಲೂಟ್-4 ಎಂಬ ಪ್ರೋಟೀನು ಹೊರಪದರಕ್ಕೆ ಬಂದು, ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆಟ ಮುಗಿದ ಮೇಲೂ ಗಂಟೆಗಟ್ಟಲೆ ಸ್ನಾಯು ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಇದಕ್ಕೆ ತೂಕ ಇಳಿಯಲೇಬೇಕೆಂದಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ ವಯಸ್ಕರಿಗೆ ನಡಿಗೆ ಮತ್ತು ಹಿತಮಿತ ಆಹಾರವನ್ನು ರೂಢಿ ಮಾಡಿಸಿತು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ವರ್ಷಗಳಲ್ಲಿ ಮಧುಮೇಹ ಬರುವ ಪ್ರಮಾಣ ಶೇ 28.5ರಷ್ಟು ತಗ್ಗಿತು. ಅವರ ತೂಕವೇನೂ ಗಮನಾರ್ಹವಾಗಿ ಇಳಿದಿರಲಿಲ್ಲ. ತೂಕದ ಯಂತ್ರದ ಮುಳ್ಳು ಅಲುಗದಿದ್ದರೂ ಒಳಗೆ ಒಳ್ಳೆಯದಾಗುತ್ತಿರುತ್ತದೆ.

ಬಡಕಲು ಮಗುವನ್ನು ದುಂಡಗೆ ಮಾಡುವ ಆತುರ

ಕೂಸು ಸಣ್ಣಗೆ ಹುಟ್ಟಿದರೆ ಮನೆಮಂದಿಗೆ ಆತಂಕ. ಬಂದವರೆಲ್ಲ 'ಯಾಕೋ ಸೊರಗಿದೆ' ಎಂದಾಗ ತಾಯಿಗೆ ಸಂಕಟ. ಹಾಗಾಗಿ ರಾಗಿ ಸರಿಗೆ ಸಕ್ಕರೆ, ಹಾಲಿಗೆ ಇನ್ನೊಂದು ಚಮಚ ಪುಡಿ, ಅತ್ತರೆ ಬಿಸ್ಕತ್ತು. ಕೆನ್ನೆ ತುಂಬಿಕೊಂಡರೆ ಎಲ್ಲರಿಗೂ ಸಮಾಧಾನ. ಪ್ರೀತಿಯಿಂದಲೇ ಮಾಡುವ ಕೆಲಸವಿದು, ಆದರೆ ತುಂಬಿಕೊಳ್ಳುವುದು ಕೊಬ್ಬು, ಸ್ನಾಯುವಲ್ಲ.

ದಿಲ್ಲಿಯಲ್ಲಿ ಹುಟ್ಟಿನಿಂದಲೇ ಅಳೆಯುತ್ತ ಬಂದಿದ್ದ ಸುಮಾರು 1,500 ಮಂದಿಯನ್ನು ಅವರ 26ರಿಂದ 32ರ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಸಕ್ಕರೆ ಏರಿದ್ದವರ ಬಾಲ್ಯದ ದಾಖಲೆ ತೆಗೆದು ನೋಡಿದರೆ, ಎರಡು ವರ್ಷದವರೆಗೆ ಅವರು ತೆಳ್ಳಗಿದ್ದರು. ಎರಡರಿಂದ ಹನ್ನೆರಡರ ನಡುವೆ ಅವರ ಬಿಎಂಐ ಒಂದೇ ಸಮನೆ ಏರುತ್ತ ಹೋಗಿತ್ತು. ಗಮನಿಸಿ, ಹನ್ನೆರಡನೇ ವಯಸ್ಸಿನಲ್ಲಿ ಅವರಲ್ಲಿ ಒಬ್ಬರಿಗೂ ಬೊಜ್ಜು ಇರಲಿಲ್ಲ. ನೋಡಿದವರು 'ಮೈಕೈ ತುಂಬಿಕೊಂಡಿದೆ' ಎಂದಿರಬಹುದು, ಅಷ್ಟೆ. ಅಪಾಯ ಇದ್ದದ್ದು ಅವರು ಮುಟ್ಟಿದ ತೂಕದಲ್ಲಲ್ಲ, ಏರಿದ ದಾರಿಯಲ್ಲಿ.

ಸಣ್ಣಗೆ ಹುಟ್ಟಿದ ಮಗುವನ್ನು ಬೆಳೆಸಬಾರದು ಎಂದಲ್ಲ. ಮೊದಲ ಎರಡು ವರ್ಷ ಅದು ಚೆನ್ನಾಗಿ ಬೆಳೆಯಲೇಬೇಕು. ಆರು ತಿಂಗಳು ಬರೀ ಎದೆಹಾಲು, ಆಮೇಲೆ ಎದೆಹಾಲಿನ ಜೊತೆಗೆ ಮೆತ್ತಗೆ ಬೇಯಿಸಿದ ಬೇಳೆ, ಸೊಪ್ಪು, ತರಕಾರಿ, ಹಣ್ಣು, ರೂಢಿಯಿದ್ದರೆ ಮೊಟ್ಟೆ. ಸಕ್ಕರೆಯಾಗಲಿ ಬೆಲ್ಲವಾಗಲಿ ಎರಡು ವರ್ಷದವರೆಗೆ ಬೇಡವೇ ಬೇಡ.

ಇದು ಬರೀ ಎಚ್ಚರಿಕೆಯ ಮಾತಲ್ಲ ಎಂಬುದಕ್ಕೆ ಬ್ರಿಟನ್ನಿನ ಇತಿಹಾಸ ಸಾಕ್ಷಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರ ಜನವರಿಯಲ್ಲಿ ಅಲ್ಲಿ ಸಕ್ಕರೆಗೆ ರೇಷನ್ ಬಂತು. 1953ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದರು. ತೆಗೆದ ಬೆನ್ನಿಗೇ ತಲಾ ಬಳಕೆ ದಿನಕ್ಕೆ ಸುಮಾರು 40 ಗ್ರಾಂ ಇದ್ದದ್ದು 80ಕ್ಕೆ ಜಿಗಿಯಿತು. ರೇಷನ್ ಕಾಲದಲ್ಲಿ ತಾಯ ಹೊಟ್ಟೆಯಲ್ಲಿದ್ದು ಹುಟ್ಟಿ ಬೆಳೆದ ಮಕ್ಕಳನ್ನೂ, ಅದು ಮುಗಿದ ಮೇಲೆ ಹುಟ್ಟಿದವರನ್ನೂ ಸಂಶೋಧಕರು ಹೋಲಿಸಿ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಬಸಿರಿನಿಂದ ಎರಡು ವರ್ಷದವರೆಗಿನ ಸಾವಿರ ದಿನ ಸಕ್ಕರೆ ಕಡಿಮೆ ಕಂಡವರಲ್ಲಿ ಮುಂದೆ ಟೈಪ್ 2 ಮಧುಮೇಹದ ಅಪಾಯ ಸುಮಾರು ಶೇ 35ರಷ್ಟು ಕಡಿಮೆ. ಬಂದವರಿಗೂ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು.

ಒಂದು ದಿನದ ಸಕ್ಕರೆ

ಎಂಟು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,600 ಕ್ಯಾಲೊರಿ ಬೇಕು ಎನ್ನೋಣ. ಮೇಲಿಂದ ಹಾಕಿದ ಸಕ್ಕರೆಯಿಂದ ಬರುವ ಶಕ್ತಿ ನೂರಕ್ಕೆ 10 ದಾಟಬಾರದು, 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ನಮ್ಮ ಮಗುವಿಗೆ ಅದು 40 ಗ್ರಾಂ ಮತ್ತು 20 ಗ್ರಾಂ. ಸಣ್ಣ ಚಮಚಗಳಲ್ಲಿ ಹೆಚ್ಚೆಂದರೆ ಎಂಟು, ನಾಲ್ಕಾದರೆ ಲೇಸು.

ಈಗ ಒಂದು ಸಾಮಾನ್ಯ ದಿನ ನೋಡಿ. ಬೆಳಿಗ್ಗೆ ಹಾಲಿಗೆ 'ಶಕ್ತಿ ಕೊಡುವ' ಪುಡಿ ಎರಡು ಚಮಚ, ಮೇಲೆ ಒಂದು ಚಮಚ ಸಕ್ಕರೆ. ಇಂಥ ಹಲವು ಪುಡಿಗಳ ತೂಕದಲ್ಲಿ ಮೂರನೇ ಒಂದು ಭಾಗ ಸಕ್ಕರೆಯೇ ಆದ್ದರಿಂದ ಲೋಟಕ್ಕೆ ಹನ್ನೊಂದು ಹನ್ನೆರಡು ಗ್ರಾಂ ಸೇರಿತು. ಶಾಲೆಯ ಬಿಡುವಿನಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತು, ಐದು ಗ್ರಾಂ. ಸಂಜೆ ಒಂದು ಸಣ್ಣ ಪ್ಯಾಕಿನ ಹಣ್ಣಿನ ಪಾನೀಯ, ಅದರಲ್ಲಿ ಇಪ್ಪತ್ತೈದು ಗ್ರಾಂ ಹತ್ತಿರ. ಚಾಕೊಲೇಟಿಲ್ಲ, ಐಸ್‌ಕ್ರೀಮಿಲ್ಲ, ಹುಟ್ಟುಹಬ್ಬದ ಕೇಕಿಲ್ಲ. ಮನೆಯವರ ಪ್ರಕಾರ 'ಏನೂ ಸಿಹಿ ತಿನ್ನದ' ದಿನ. ಆದರೂ ನಲವತ್ತು ದಾಟಿತು.

ಇಲ್ಲಿ ಬೆಲ್ಲದ ಬಗ್ಗೆ ಹೇಳಲೇಬೇಕು. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜ, ಆದರೆ ಅದರ ಬಹುಪಾಲು ಸಕ್ಕರೆಯೇ. ಜೇನುತುಪ್ಪವೂ ಹಿಂಡಿದ ಹಣ್ಣಿನ ರಸವೂ ಇದೇ ಲೆಕ್ಕಕ್ಕೆ ಬರುತ್ತವೆ. ಇಡೀ ಹಣ್ಣು ಬರುವುದಿಲ್ಲ. ಸೀಬೆಹಣ್ಣನ್ನು ಕಚ್ಚಿ ಜಗಿದು ತಿನ್ನಲು ಹೊತ್ತು ಹಿಡಿಯುತ್ತದೆ, ನಾರು ಹೊಟ್ಟೆ ತುಂಬಿಸುತ್ತದೆ, ಸಕ್ಕರೆ ನಿಧಾನವಾಗಿ ರಕ್ತ ಸೇರುತ್ತದೆ.

ಹಾಗಾದರೆ ಡಬ್ಬಿಗೆ ಏನು ಹಾಕುವುದು? ನಮ್ಮ ಅಡುಗೆಮನೆಯಲ್ಲಿ ಉತ್ತರ ಮೊದಲೇ ಇದೆ. ಮೊಳಕೆ ಹೆಸರುಕಾಳಿನ ಉಸಲಿ, ಹೆಸರುಬೇಳೆ ಕೋಸಂಬರಿ, ಕಡಲೆಬೀಜ ಹಾಕಿದ ಅವಲಕ್ಕಿ, ಜೋಳದ ರೊಟ್ಟಿಗೆ ಕಾಳುಪಲ್ಯ, ಸೊಪ್ಪು ಹಾಕಿ ತಟ್ಟಿದ ರಾಗಿ ರೊಟ್ಟಿ, ಬೇಯಿಸಿದ ಮೊಟ್ಟೆ, ಹುರಿಗಡಲೆ. ಸ್ನಾಯು ಬೆಳೆಯಲು ಬೇಕಾದ ಪ್ರೋಟೀನ್ ಇವುಗಳಲ್ಲಿದೆ. ಊಟದ ತಟ್ಟೆಯಲ್ಲಿ ಅರ್ಧ ತರಕಾರಿ, ಸೊಪ್ಪು ಇರಲಿ. ಉಳಿದರ್ಧದಲ್ಲಿ ಅನ್ನ ಅಥವಾ ಮುದ್ದೆಗೂ ಕಾಳುಬೇಳೆ, ಮೊಸರು, ಮೊಟ್ಟೆ, ಮೀನಿಗೂ ಪಾಲು ಸಿಗಲಿ. ರಾಗಿ ಒಳ್ಳೆಯದೇ, ಆದರೆ ನುಣ್ಣಗೆ ಬೀಸಿ ಸಕ್ಕರೆ ಹಾಕಿ ಕುಡಿಸಿದ ರಾಗಿ ಮಾಲ್ಟಿನಲ್ಲಿ ಆ ಒಳ್ಳೆಯತನ ಅಷ್ಟಾಗಿ ಉಳಿಯುವುದಿಲ್ಲ.

ಮನೆಯೊಂದೇ ಹೋರಾಡಿದರೆ ಸಾಲದು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸು ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆಯಿದೆ ಎಂದು ತೋರಿಸುವ 'ಶುಗರ್ ಬೋರ್ಡ್' ಹಾಕುವಂತೆ ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತು. ಪೋಷಕರ ಸಭೆಯಲ್ಲಿ ಅಂಕಗಳ ಜೊತೆಗೆ ಇದನ್ನೂ ಕೇಳುವ ಹಕ್ಕು ನಮಗಿದೆ.

ಆಟ, ನಿದ್ದೆ

ಐದರಿಂದ ಹದಿನೇಳರ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಬೆವರುವ ಆಟ ಬೇಕು. ಇದಕ್ಕೆ ಕೋಚಿಂಗೂ ಬೇಡ, ದುಬಾರಿ ಶೂ ಕೂಡ ಬೇಡ. ಕಬಡ್ಡಿ, ಖೋ ಖೋ, ಕುಂಟೆಬಿಲ್ಲೆ, ಹಗ್ಗದಾಟ, ಸೈಕಲ್ ಎಲ್ಲವೂ ಸ್ನಾಯು ಕಟ್ಟುತ್ತವೆ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆ ಮಕ್ಕಳಿಗೆ ಉಪಕಾರ ಮಾಡುತ್ತಿಲ್ಲ. ಮೈನೆರೆದ ಮೇಲೆ ಹುಡುಗಿಯರ ಆಟ ನಿಂತುಹೋಗುವುದಂತೂ ದೊಡ್ಡ ನಷ್ಟ.

ಪ್ರಾಥಮಿಕ ಶಾಲೆಯ ಮಗುವಿಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟರೆ ಹಸಿವಿನ ಹಾರ್ಮೋನುಗಳ ಲಯ ತಪ್ಪುತ್ತದೆ, ಮರುದಿನ ಸಿಹಿ, ಕರಿದದ್ದರ ಮೇಲೆ ಆಸೆ ಹೆಚ್ಚುತ್ತದೆ. ರಾತ್ರಿ ಊಟದ ಹೊತ್ತು ಮೊಬೈಲ್ ಬೇರೆ ಕೋಣೆಯಲ್ಲಿರಲಿ, ದೊಡ್ಡವರದ್ದೂ ಸೇರಿ.

ಒಂದು ದಾರ ಸಾಕು

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಆರು ವರ್ಷ ದಾಟಿದ ಮಗುವಿನ ಎತ್ತರದಷ್ಟೇ ಉದ್ದದ ದಾರ ಕತ್ತರಿಸಿ, ಅದನ್ನು ಸರಿಯಾಗಿ ಅರ್ಧಕ್ಕೆ ಮಡಿಚಿ, ಸೊಂಟದ ಸುತ್ತ ಹಿಡಿಯಿರಿ. ತುದಿಗಳು ಕೂಡಿದರೆ ಒಳ್ಳೆಯದು. ಕೂಡದಿದ್ದರೆ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿದೆ ಎಂದರ್ಥ, ಮಕ್ಕಳ ವೈದ್ಯರಿಗೆ ತೋರಿಸಿ. ಅದರ ಜೊತೆಗೆ ಕತ್ತು ಕಪ್ಪಗಿದ್ದರೆ, ತಂದೆತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಅಥವಾ ತಾಯಿಗೆ ಬಸಿರಿನಲ್ಲಿ ಬಂದಿದ್ದರೆ, ಹತ್ತನೇ ವಯಸ್ಸಿನ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸುವುದು ಸೂಕ್ತ. ಬರಿ ಹೊಟ್ಟೆಯಲ್ಲಿ ಸಕ್ಕರೆ ಅಂಶ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಬಂದರೆ ಅದು ಹೊಸ್ತಿಲು, 126 ಮುಟ್ಟಿದರೆ ಮಧುಮೇಹದ ಸೂಚನೆ. ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ತೂಕ ಹೆಚ್ಚಿರುವ ಮಗುವಿಗೆ ಉಪವಾಸ ಹಾಕಬೇಡಿ. ಬೆಳೆಯುವ ಮಗುವಿನ ತೂಕ ಅಷ್ಟಕ್ಕೇ ನಿಂತರೂ ಎತ್ತರ ಏರಿದಂತೆ ಮೈ ಸರಿಹೋಗುತ್ತದೆ. 'ಡುಮ್ಮ', 'ಗುಂಡ' ಎಂಬ ಅಡ್ಡಹೆಸರು ಮನೆಯಿಂದಲೇ ತೊಲಗಲಿ. ಅವಮಾನಕ್ಕೆ ಹೆದರಿದ ಮಗು ಮೈದಾನ ಬಿಟ್ಟು ಕದ್ದು ತಿನ್ನಲು ಕಲಿಯುತ್ತದೆ. ಒಂದು ಮಗುವಿಗೆ ಪಥ್ಯ, ಉಳಿದವರಿಗೆ ಚಿಪ್ಸ್ ಎಂಬ ಮನೆಯಲ್ಲಿ ಯಾವ ಬದಲಾವಣೆಯೂ ನಿಲ್ಲುವುದಿಲ್ಲ.

ಕೊನೆಗೆ ಎಲ್ಲ ಎಳೆಗಳೂ ಹೋಗಿ ಸೇರುವುದು ಹೆಣ್ಣುಮಕ್ಕಳ ಬಳಿ. ಇಂದು ಆಟ ಬಿಟ್ಟ, ಊಟ ಬಿಟ್ಟು ಕುರುಕಲು ತಿನ್ನುವ ಹದಿನೈದರ ಹುಡುಗಿ ನಾಳೆ ತಾಯಿಯಾಗುತ್ತಾಳೆ. ಅವಳ ರಕ್ತದ ಸಕ್ಕರೆ ಅವಳ ಕೂಸಿನ ಮೈಯನ್ನು ರೂಪಿಸುತ್ತದೆ. ಬಸಿರಾದ ಕೂಡಲೇ ಒಮ್ಮೆ, 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ ಗ್ಲೂಕೋಸ್ ಪರೀಕ್ಷೆ ಮಾಡಬೇಕೆಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಅದನ್ನು ಕೇಳಿ ಮಾಡಿಸಿಕೊಳ್ಳಿ.

ಸಕ್ಕರೆ ಕಾಯಿಲೆ ನಮ್ಮ ಮನೆತನದಲ್ಲೇ ಇದೆ, ಬಂದೇ ಬರುತ್ತದೆ ಎಂದು ಕೈಚೆಲ್ಲುವವರು ಬಹಳ. ವಂಶದಿಂದ ಬರುವುದು ಒಲವು ಮಾತ್ರ. ಅದು ಕಾಯಿಲೆಯಾಗುವುದನ್ನು ಎಷ್ಟೋ ಸಲ ತಡೆಯಬಹುದು, ತಡೆಯಲಾಗದಿದ್ದರೂ ಮುಂದೂಡಬಹುದು. ಹಾಲಿಗೆ ಹಾಕುವ ಪುಡಿಯನ್ನು ಈ ತಿಂಗಳ ದಿನಸಿ ಚೀಟಿಯಿಂದ ತೆಗೆದುಬಿಡಿ. ಸಂಜೆಯ ಒಂದು ಗಂಟೆಯನ್ನು ಟ್ಯೂಷನ್ನಿಗೆ ಕೊಡದೆ ಆಟಕ್ಕೆ ಬಿಡಿ, ಮಗಳಿಗೂ ಮಗನಿಗೂ. ಮಗು ದುಂಡಗಾಗಲಿ ಎಂದು ಹಾರೈಸಬೇಡಿ, ಗಟ್ಟಿಯಾಗಲಿ ಎಂದು ಹಾರೈಸಿ, ಅದಕ್ಕೆ ತಕ್ಕಂತೆ ಬೆಳೆಸಿ.